ನಿಡೋಣಿಯಿಂದ ಬಂದ ಗಂಟು

ಕಳೆದ ಡಿಸೆಂಬರಿನಲ್ಲಿ ತಿಕೋಟಾಕ್ಕೆ ಹೋಗಿದ್ದೆ. ಮರಳಿ ಹೊರಟಾಗ ಅಕ್ಕ ಒಂದು ಬುತ್ತಿ ಗಂಟು ತಂದಳು. ಗೋಣಿತಟ್ಟಿನ ತುಂಡಿನಲ್ಲಿ ಸುತ್ತಿ, ಮೇಲೆ ಸುತಳಿ ಬಿಗಿದಿದ್ದಳು. ನಾನು ಕೈ ಚಾಚಿ ಹಿಡಿದುಕೊಂಡೆ. ಅವಳು ಬಿಡಲಿಲ್ಲ. ಗಂಟಿನ ಒಂದು ಬದಿ ನನ್ನ ಕೈಯಲ್ಲಿ, ಇನ್ನೊಂದು ಬದಿ ಅವಳ ಕೈಯಲ್ಲಿ, ಇಬ್ಬರೂ ಬಾಗಿಲಲ್ಲಿ ಹಾಗೆಯೇ ನಿಂತೆವು. ಒಳಗಿನಿಂದ ಅವಳ ಸೊಸೆ ನಕ್ಕಳು.

“ಯಾರದಂತ ಕೇಳ್ರಿ. ಕೇಳೂತನಾ ಬಿಡೂದಿಲ್ಲ ಅವರು.”

“ಯಾರದಕ್ಕಾ ಇದು?”

“ನಂದು,” ಎಂದು ಅಕ್ಕ ಕೈ ಬಿಟ್ಟಳು.

ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೊಸ ಸುತಳಿಗೆ ಒಂದು ವಾಸನೆ ಇರುತ್ತದೆ, ಒಣಹುಲ್ಲಿಗೆ ಸೀಮೆಎಣ್ಣೆ ಸೋಕಿದಂಥದ್ದು. ಅದರೊಳಗಿನಿಂದ ತುಪ್ಪದ ವಾಸನೆ ತಡವಾಗಿ ಬರುತ್ತದೆ. ಎರಡೂ ಕೂಡಿ ಮೂಗಿಗೆ ಬಂದದ್ದೇ ತಡ, ವಿಜಯಪುರ ಇನ್ನೂ ಬಿಜಾಪುರವಾಗಿದ್ದ ಕಾಲದ ಒಂದು ಚಳಿಗಾಲ ನನ್ನೆದುರು ಬಂದು ಕುಳಿತಿತು.

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಧಾರವಾಡದಲ್ಲಿ ಇತಿಹಾಸ ಓದಿದೆ. ಸಾಕ್ಷಿ ಹೇಳುವವನು ಆಗ ಎಲ್ಲಿ ನಿಂತಿದ್ದ, ಅವನಿಗೆ ಏನು ಬೇಕಿತ್ತು ಎಂದು ಕೇಳುವುದನ್ನು ಅಲ್ಲಿ ಕಲಿಸಿದರು. ಮನೆಯವರ ಮೇಲೆ ಆ ವಿದ್ಯೆ ಪ್ರಯೋಗಿಸಿದರೆ ಊಟ ಸಿಗುವುದಿಲ್ಲ, ತನ್ನ ಮೇಲೆಯೇ ಪ್ರಯೋಗಿಸಿಕೊಂಡರೆ ನಿದ್ದೆ ಬರುವುದಿಲ್ಲ. ಅದು ತುರ್ತುಪರಿಸ್ಥಿತಿಯ ಚಳಿಗಾಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅಲ್ಲ, ಅದರ ಹಿಂದಿನದು ಎನ್ನುತ್ತಾಳೆ ಅಕ್ಕ. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು ಎಂಬುದಷ್ಟೇ ನನಗೆ ನೆನಪು. ಆದರೆ ದನಿ ತಗ್ಗಿಸಿದ್ದು ಇಡೀ ದೇಶವೋ ಅಥವಾ ನಮ್ಮ ಮನೆಯೊಂದೋ, ಈಗ ಹೇಳಲಾರೆ.

ಆಗ ನಾನು ಬಿಜಾಪುರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ತಿಕೋಟಾದ ಕೆಂಪು ಬಸ್ಸು ಹಿಡಿಯುತ್ತಿದ್ದೆ. ಆ ವರ್ಷ ಚಳಿ ಹೆಚ್ಚು. ರಸ್ತೆಯ ಎರಡೂ ಬದಿಗೆ ಕರಿಮಣ್ಣಿನಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಗಾಳಿ ಬೀಸಿದಾಗ ಇಡೀ ಹೊಲ ಒಣಗಿದ ದನಿಯಲ್ಲಿ ಪಿಸುಗುಡುತ್ತಿತ್ತು. ಸೀತನಿಯ ಹಂಗಾಮು. ಹಾಲುಗಾಳಿನ ತೆನೆ ಸುಟ್ಟು ತಿನ್ನುವ ದಿನಗಳು. ಅಂಥ ದಿನಗಳಲ್ಲಿ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ ಹವಾಲ್ದಾರ್ ಸಿದ್ದಪ್ಪ, ರಜೆಯ ಮೇಲೆ ಬಂದರು.

ಮಾಮಾ ಪಲ್ಟನ್ನಿನವರು. ಆದರೆ ಆ ಹೊತ್ತಿಗೆ ಅವರ ಕೆಲಸ ಹೊರದೇಶದಲ್ಲಿ. ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಸೈನ್ಯದ ಅಧಿಕಾರಿಯೊಬ್ಬರಿದ್ದರು. ಮಾಮಾ ಅವರ ಕಾರು ಓಡಿಸುತ್ತಿದ್ದರು. ಯಾವ ದೇಶ, ಯಾವ ಊರು ಎಂದು ಕೇಳಿದರೆ “ಆ ಕಡೆ” ಎನ್ನುತ್ತಿದ್ದರು. ಬಲಗಿವಿಯ ಹಿಂದೆ ಹೊಸ ಕಲೆಗಳಿದ್ದವು. ಆ ಕಿವಿ ಮಂದವಾಗಿತ್ತು. ಬಲಕ್ಕೆ ನಿಂತು ಮಾತಾಡಿಸಿದರೆ ತಿರುಗುತ್ತಿರಲಿಲ್ಲ.

ಬಂದ ಮೊದಲ ವಾರವೇ ಊರಿನವರಿಗೆ ಅವರೊಂದು ಒಗಟಾದರು. ಹಿತ್ತಿಲಿನಿಂದ ಹೊರಗೆ ಹೋದರೆ ಮುಂಬಾಗಿಲಿನಿಂದ ಬರುವರು. ನಿನ್ನೆ ನಡೆದ ದಾರಿಯಲ್ಲಿ ಇವತ್ತು ನಡೆಯರು. ಚಹಾದಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ರಸ್ತೆ ಕಾಣುವ ಹಾಗೆ ಕೂಡುವರು. ಸಂತೆಗೆ ಮಾತ್ರ ಬರುತ್ತಿರಲಿಲ್ಲ. ಇದನ್ನೆಲ್ಲ ಜನ ಸಹಿಸಿಯಾರು. ಆದರೆ ನಮ್ಮ ಕಡೆ ಎದುರಾದವರನ್ನು ‘ಎತ್ತಾಗ ಹೊಂಟ್ರಿ’ ಎಂದು ಕೇಳುವುದೇ ನಮಸ್ಕಾರ. ಅದಕ್ಕೆ ಉತ್ತರ ಕೊಡದವನು ಮುಖಕ್ಕೆ ಬಾಗಿಲು ಹಾಕಿದ ಹಾಗೆ.

“ಏನ್ ಹವಾಲ್ದಾರ್ರ, ಎತ್ತಾಗ ಹೊಂಟ್ರಿ?” ಚಹಾದಂಗಡಿಯ ಗುರಪ್ಪ ಕೇಳಿದ.

“ಹಿಂಗ.”

“ಹಿಂಗ ಅಂದ್ರ?”

“ಹಿಂಗ.”

ಮಾಮಾ ಅತ್ತ ಹೋದ ಮೇಲೆ ಗುರಪ್ಪ ನನ್ನ ಕಡೆ ತಿರುಗಿ, “ಫಾರಿನ್‌ದಾಗ ಹಿಂಗ ಅನ್ನೂದು ಒಂದ ಊರ ಇರಬೇಕು ನೋಡ್ರಿ ಮಾಸ್ತರ. ದಿನಾ ಅಲ್ಲಿಗೇ ಹೋಗತಾನ ಇಂವಾ,” ಎಂದ. ಬೆಂಚಿನ ಮೇಲಿದ್ದವರು ನಕ್ಕರು. ನಾನೂ ನಕ್ಕೆನೇನೋ.

ಕೆಲ ದಿನಗಳಲ್ಲಿ ನಗೆ ಬೇರೆ ಕಡೆ ಹೊರಳಿತು. ಪಕ್ಕದೂರು ಹೊನವಾಡದಲ್ಲಿ ಹವಾಲ್ದಾರನಿಗೆ ಒಬ್ಬಾಕೆ ಇದ್ದಾಳೆ, ಅದಕ್ಕೇ ದಾರಿ ಬದಲಿಸಿ ಓಡಾಡುತ್ತಾನೆ ಎಂದು ಯಾರೋ ಹುಟ್ಟಿಸಿದರು. ಅಕ್ಕ ಬಾವಿಯ ಕಟ್ಟೆಯಿಂದ ಆ ಸುದ್ದಿಯನ್ನು ಕೊಡದ ಜೊತೆ ಹೊತ್ತು ತಂದಳು.

“ಕೇಳಿದ್ರ್ಯಾ? ನಿಮಗ ಹೊನವಾಡದಾಗ ಇನ್ನೊಬ್ಬಾಕಿ ಅದಾಳಂತ.”

“ಇರ್ಲಿ ಬಿಡು. ಹೊನವಾಡಕ್ಕ ಹೋಗತೇನಿ ಅಂತ ತಿಳಿದಾರಂದ್ರ, ನಾ ಎಲ್ಲಿ ಹೋಗತೇನಿ ಅಂತ ಅವರಿಗೆ ಗೊತ್ತಿಲ್ಲ ಅಂತಾತು.”

“ನನಗರೆ ಗೊತ್ತೈತೇನ್ರಿ?” ಎಂದಳು ಅಕ್ಕ.

ನನಗೆ ತಿಳಿದದ್ದು ಹೊಲದಲ್ಲಿ. ಸೀತನಿ ಸುಡಲು ಸಗಣಿಕುಳ್ಳಿನ ಬೆಂಕಿ ಹಾಕಿದ್ದೆವು. ಇಬ್ಬರೇ ಇದ್ದೆವು. ಅವರು ಬೆಂಕಿಗೆ ಎದುರಾಗಿ ಅಲ್ಲ, ದಾರಿಗೆ ಎದುರಾಗಿ ಕುಳಿತಿದ್ದರು. ನಾನು ಕೆಣಕಿದೆ.

“ಮಾಮಾ, ತಿಕೋಟಾದಾಗ ನಿಮ್ಮನ್ನ ಕೊಲ್ಲಾಕ ಯಾರ ಬರ್ತಾರ್ರಿ? ನೀವೇನ ಮಂತ್ರೀನಾ, ಜನರಲ್ಲಾ?”

“ಕುಟ್ಟನ್ನೂ ಹಂಗ ಅಂತಿದ್ದ,” ಎಂದರು.

ಕುಟ್ಟನ್ ಅದೇ ಕಚೇರಿಯ ಗುಮಾಸ್ತ, ಕೇರಳದವನು, ಮಾಮಾನ ಕೋಣೆಯಲ್ಲೇ ಇದ್ದವನು. ದೀಪಾವಳಿಯ ಮುಂದೆ ಕಚೇರಿಗೆ ಒಂದು ಪಾರ್ಸಲ್ ಬಂತು. ಮಿಠಾಯಿ ಡಬ್ಬಿಯ ಹಾಗೆ ಬಣ್ಣದ ಕಾಗದ, ಮೇಲೆ ದಾರ. ಕಳಿಸಿದವರ ಹೆಸರಿರಲಿಲ್ಲ. ಊರು ಬಿಟ್ಟು ವರ್ಷಗಳಾಗಿದ್ದ ಕುಟ್ಟನ್ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಊರಿಂದ ಬಂದಿರಬೇಕು’ ಎಂದ. ಅವನು ದಾರ ಬಿಚ್ಚಿ ಅದು ಸಿಡಿದಾಗ ಮಾಮಾ ಕಾರಿನ ಕೀಲಿ ತೆಗೆದುಕೊಳ್ಳಲು ಗೋಡೆಯ ಕಡೆ ತಿರುಗಿದ್ದರು. ಅದಕ್ಕೇ ಅವರು ಉಳಿದರು.

“ನಾವು ಸಣ್ಣ ಮಂದಿ, ನಮ್ಮನ್ನ ಯಾರ ಕೇಳ್ತಾರ ಅಂತಿದ್ದ,” ಎಂದು ಮಾಮಾ ತೆನೆ ತಿರುವಿದರು. “ಸಾಹೇಬರ ಹತ್ರ ಹೋಗಾಕ ಆಗಲಿಲ್ಲಂದ್ರ ನಮ್ಮಂಥವರ ಹತ್ರನ ಬರ್ತಾರ ಅವರು. ನಾವ ಬಾಗಿಲಾ.”

ಆಮೇಲೆ ಮೇಲಧಿಕಾರಿಗಳು ಕಚೇರಿಯವರನ್ನೆಲ್ಲ ಕೂರಿಸಿ ಪಾಠ ಹೇಳಿದರಂತೆ. ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ಹೋಗಬೇಡಿ. ಕಾರು ಹತ್ತುವ ಮುಂಚೆ ಬಗ್ಗಿ ಕೆಳಗೆ ನೋಡಿ. ಪೇಟೆಯಲ್ಲಿ ಸಮವಸ್ತ್ರ ಬೇಡ. ಎಲ್ಲಿಗೆ, ಯಾವಾಗ ಎಂಬುದನ್ನು ಬಾಯಿ ಬಿಡಬೇಡಿ. ಒಂದೇ ಮುಖ ಎರಡು ಸಲ ಕಂಡರೆ ತಿರುಗಿ ಬನ್ನಿ. ಯಾರು ಕಳಿಸಿದರೆಂದು ಗೊತ್ತಿಲ್ಲದ ಪಾರ್ಸಲ್ ಬಿಚ್ಚಬೇಡಿ. ಅಗತ್ಯಕ್ಕಿಂತ ಹೆಚ್ಚು ದಾರ, ಎಣ್ಣೆಯ ಕಲೆ, ಒಂದೇ ಬದಿಗೆ ಭಾರ, ಪರಿಚಯವಿಲ್ಲದ ವಾಸನೆ ಇದ್ದರೆ ಅಲುಗಾಡಿಸಬೇಡಿ, ದೂರ ಒಯ್ದು ಉಸುಕಿನ ಚೀಲ ಒಟ್ಟಿ. ಮಾಮಾ ಇದನ್ನೆಲ್ಲ ಶಾಲೆಯ ಪದ್ಯದ ಹಾಗೆ ಏರಿಳಿತವಿಲ್ಲದೆ ಒಪ್ಪಿಸಿದರು. ಪ್ರತಿಯೊಂದೂ ಸರಿಯಾದ ಮಾತು. ಈಗಲೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಮುಂದೆ ಒಂದು ದಿನ ಬಿಜಾಪುರದ ನನ್ನ ಕೋಣೆಗೂ ಬಂದಿದ್ದರು. ಗೋಳಗುಮ್ಮಟ ತೋರಿಸುತ್ತೇನೆಂದು ಕರೆದೊಯ್ದೆ. ಅವರು ಒಳಗೆ ಬರಲಿಲ್ಲ. ಈ ಗೋಡೆಗೆ ಪಿಸುಗುಟ್ಟಿದರೆ ಆ ಗೋಡೆಗೆ ಕೇಳಿಸುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. “ಅಂಥಲ್ಲಿ ಮನಷಾ ಯಾಕ ಹೋಗಬೇಕೋ?” ಎಂದು ಹೊರಗೆ ಹುಲ್ಲಿನ ಮೇಲೆ, ಗೇಟಿಗೆ ಮುಖ ಮಾಡಿ ಕುಳಿತುಬಿಟ್ಟರು.

ಇಷ್ಟೆಲ್ಲದರ ನಡುವೆ ಒಂದು ಕೆಲಸ ಮಾತ್ರ ಆಗಿರಲಿಲ್ಲ. ಅವರು ತಮ್ಮ ತಾಯಿಯನ್ನು ನೋಡಲು ಹೋಗಿರಲಿಲ್ಲ.

ಮಾಮಾನ ತಾಯಿ ನೀಲವ್ವ ಇದ್ದದ್ದು ನಿಡೋಣಿಯಲ್ಲಿ. ಬಿಜಾಪುರಕ್ಕೆ ಹೋಗಿ, ಅಲ್ಲಿಂದ ಬಬಲೇಶ್ವರದ ಬಸ್ಸು ಹಿಡಿದರೆ ಅರ್ಧ ದಿನದ ಹಾದಿ. ಆದರೆ ಕಚೇರಿಯ ಕಾಗದಗಳಲ್ಲಿ ಮಾಮಾನ ಮನೆಯ ವಿಳಾಸ ಎಂದು ಇದ್ದದ್ದು ಅದೇ ನಿಡೋಣಿಯ ಮನೆ. ಕಚೇರಿಯೊಳಗಿನ ಯಾರೋ ಹೊರಗಿನವರಿಗೆ ಸುದ್ದಿ ಕೊಡುತ್ತಿದ್ದರು ಎಂಬ ಗುಮಾನಿ ಅಲ್ಲಿ ಇತ್ತಂತೆ. ತನ್ನನ್ನು ಹುಡುಕುವವರು ಮೊದಲು ಬರುವುದು ಅಲ್ಲಿಗೆ, ತಾನು ಅಲ್ಲಿದ್ದರೆ ಅವ್ವನಿಗೂ ಅಪಾಯ ಎಂದು ಅವರ ಲೆಕ್ಕ. ಅದಕ್ಕೇ ರಜೆಯನ್ನು ನಮ್ಮ ಮನೆಯಲ್ಲಿ ಕಳೆಯುತ್ತಿದ್ದರು. ನಿಡೋಣಿಗೆ ಯಾರಿಗೂ ಹೇಳದೆ ಒಂದು ದಿನ ಹೋಗಿ, ಮುಖ ತೋರಿಸಿ, ಅವತ್ತೇ ಬಂದುಬಿಡುವುದು. ಯಾವತ್ತು ಎಂದು ಅವರಿಗೂ ಗೊತ್ತಿರಬಾರದು ಎಂಬಂತೆ ಆ ದಿನ ಮುಂದೆ ಹೋಗುತ್ತಲೇ ಇತ್ತು. ಒಮ್ಮೆ ಹೊರಟವರು ಬಬಲೇಶ್ವರದವರೆಗೆ ಹೋಗಿ ತಿರುಗಿ ಬಂದರು. ತಿಕೋಟಾ ಬಸ್ಸಿನಲ್ಲಿ ಕಂಡ ಕೆಂಪು ಮಫ್ಲರಿನವನೇ ಬಬಲೇಶ್ವರದ ಬಸ್ಸಿನಲ್ಲೂ ಇದ್ದನಂತೆ.

“ಅಂವಾ ಎಲಿ ಮಾರಾಂವ. ವಾರದಾಗ ಎಲ್ಡ ಸಲ ಅತ್ತಾಗ ಹೋಗತಾನ,” ಎಂದು ಅಕ್ಕ ತಲೆ ಚಚ್ಚಿಕೊಂಡಳು. “ವೀಳ್ಯದೆಲಿಗೆ ಅಂಜಿ ಹಡದವ್ವನ್ನ ಬಿಟ್ಟ ಬಂದ್ರ್ಯಾ?”

ನೀಲವ್ವ ತಾನಾಗಿ ಬರುವ ಹೆಂಗಸಲ್ಲ. ಮೊಣಕಾಲು ನೋವು ಒಂದು, ಮಗ ಬೀಗರ ಮನೆಯಲ್ಲಿ ಕುಳಿತಿದ್ದಾನೆಂಬ ಸಿಟ್ಟು ಇನ್ನೊಂದು. ಸಿಟ್ಟಿದ್ದರೂ ವಾರವಾರ ಬುತ್ತಿ ಕಳಿಸುತ್ತಿದ್ದಳು. ನಿಡೋಣಿಯಿಂದ ಬರುವ ಬಸ್ಸಿನ ಕಂಡಕ್ಟರನ ಕೈಗೆ ಗಂಟು ಕೊಟ್ಟರೆ ಅವನು ಬಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಖಾಜಾಸಾಬನ ಪಾನಂಗಡಿಯಲ್ಲಿ ಇಡುವನು. ಶನಿವಾರ ನಾನು ಅಲ್ಲಿಂದ ಎತ್ತಿಕೊಂಡು ಮನೆಗೆ ಒಯ್ಯುವೆ. ಹೆಸರು, ವಿಳಾಸ ಏನೂ ಇಲ್ಲ. ಹೇಳಬೇಕಾದ ಮಾತಿದ್ದರೆ ಗಂಟಿನ ಜೊತೆ ಬಾಯಿಂದ ಬಾಯಿಗೆ ಬರುತ್ತಿತ್ತು. “ಮುದಕಿ ಬಾ ಅಂದಾಳಂತ, ಇನ್ನೂ ಸತ್ತಿಲ್ಲಂತ ಹೇಳು ಅಂದಾಳಂತ,” ಎಂದು ಖಾಜಾಸಾಬ ನಗುತ್ತ ನನಗೆ ಒಪ್ಪಿಸುತ್ತಿದ್ದ. ನಾನು ಮಾಮಾನಿಗೆ ಒಪ್ಪಿಸುತ್ತಿದ್ದೆ.

ಗಂಟು ಯಾರದೆಂದು ಹೇಳಲು ನಮ್ಮ ಹೆಂಗಸರಿಗೆ ಹೆಸರು ಬೇಕಿರಲಿಲ್ಲ. ಹಳೆಯ ಇಳಕಲ್ ಸೀರೆಯ ತುಂಡು, ನಾಲ್ಕು ತುದಿಗಳನ್ನು ಜೋಡಿಯಾಗಿ ಕಟ್ಟಿ, ಮೇಲೆ ಎರಡು ಬೆರಳು ತೂರುವಷ್ಟು ಕಿವಿ ಬಿಟ್ಟಿದ್ದರೆ ಅದು ನೀಲವ್ವನದು. ನಮ್ಮವ್ವ ಕಿವಿ ಬಿಡುತ್ತಿರಲಿಲ್ಲ, ತುದಿಗಳನ್ನು ಒಳಗೆ ಮಡಚುತ್ತಿದ್ದಳು. ಕಟ್ಟಿದ ಕೈ ಯಾವುದೆಂದು ಅವರು ದೂರದಿಂದಲೇ ಹೇಳುವರು. ಮಾಮಾ ಕೂಡ ಆ ಎರಡು ಬೆರಳಿನ ಕಿವಿ ಕಂಡರೆ ಏನೂ ಅನ್ನದೆ ಬಿಚ್ಚುತ್ತಿದ್ದರು. ಆ ರಜೆಯಲ್ಲಿ ಅವರು ನಂಬಿದ ವಸ್ತು ಅದೊಂದೇ.

ಆ ಶನಿವಾರ ಖಾಜಾಸಾಬ ಅಂಗಡಿಯಲ್ಲಿರಲಿಲ್ಲ. ಯಾರದೋ ಮದುವೆಗೆ ಹೋಗಿದ್ದ. ಅವನ ಹೆಂಡತಿಯ ತಮ್ಮ ಕುಳಿತಿದ್ದ, ಹೊಸಬ. “ತಿಕೋಟಾ ಗಂಟು ಇದ ನೋಡ್ರಿ,” ಎಂದು ಎತ್ತಿ ಕೊಟ್ಟ. ತಟ್ಟಿನಲ್ಲಿ ಸುತ್ತಿದ್ದರು, ಸುತಳಿ ಬಿಗಿದಿದ್ದರು. ಬುತ್ತಿ ಬುತ್ತಿಯೇ ಎಂದುಕೊಂಡು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಪುಸ್ತಕ ಓದುತ್ತ ಬಂದೆ.

ಮನೆಯ ಕಟ್ಟೆಯ ಮೇಲೆ ಗಂಟನ್ನು ಇಳಿಸುವಷ್ಟರಲ್ಲಿ ಒಳಗಿನಿಂದ ಮಾಮಾನ ದನಿ ಬಂತು.

“ಅಲ್ಲೇ ಇಡು. ಅಲುಗಾಡಿಸಬ್ಯಾಡ. ಯಾರ ಕೊಟ್ರು?”

“ಖಾಜಾಸಾಬನ ಅಂಗಡ್ಯಾಗರಿ.”

“ಅಂಗಡಿ ಕೇಳಲಿಲ್ಲ. ಖಾಜಾಸಾಬ ಕೊಟ್ನೇನು?”

“ಇಲ್ಲರಿ, ಅವನ ಹೆಂಡತಿ ತಮ್ಮ ಇದ್ದ.”

“ಅವನ್ನ ಮೊದಲ ನೋಡಿದ್ಯಾ? ಏನರೆ ಸುದ್ದಿ ಹೇಳಿದ್ನಾ?”

ನೋಡಿರಲಿಲ್ಲ. ಹೇಳಿರಲಿಲ್ಲ. ಮಾಮಾ ಗಂಟಿನ ಸುತ್ತ ನಡೆದರು. ಮುಟ್ಟದೆ ಬೆರಳಿನಿಂದ ಒಂದೊಂದೇ ತೋರಿಸಿದರು. ಸುತಳಿ ಬೇಕಾದದ್ದಕ್ಕಿಂತ ಎಷ್ಟೋ ಸುತ್ತು. ಕೆಳಗೆ ಎಣ್ಣೆಯ ಕಲೆ. ಭಾರವೆಲ್ಲ ಒಂದೇ ಬದಿಗೆ. ಬಗ್ಗಿ ಮೂಸಿದರು, ಸೀಮೆಎಣ್ಣೆಯ ವಾಸನೆ.

“ಎಣ್ಣಿ ಕಲಿ ಇರಲಾರದ ಬುತ್ತಿ ಯಾವ ಊರಾಗ ಐತ್ರಿ?” ಅಕ್ಕನ ದನಿ ಏರಿತು. “ಹೊಸಾ ಸುತಳಿ ಹಂಗ ನಾರತೈತಿ.”

“ನಾ ತೊಡಿ ಮ್ಯಾಲ ಇಟ್ಕೊಂಡ ಬಂದೇನಿ ಮಾಮಾ. ದಾರಿಯುದ್ದಕ್ಕೂ ಏನೂ ಆಗಿಲ್ಲ,” ಎಂದೆ. ಇದು ಖಂಡಿತ ಪುರಾವೆ ಎಂದು ನಾನು ತಿಳಿದಿದ್ದೆ.

“ಕುಟ್ಟನ್ನ ತೊಡಿ ಮ್ಯಾಲೂ ಇತ್ತು. ಬಿಚ್ಚೂತನಾ ಏನೂ ಆಗಲಿಲ್ಲ.”

ನಾನು ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಆಗ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ ನೋಡಿ, “ಇದು ನೀಲವ್ವ ಕಟ್ಟಿದ್ದಲ್ಲ,” ಎಂದಳು.

ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ. ಇದರ ಮುಂದೆ ಒಂದಲ್ಲ. ‘ಆಕಿ ಕಟ್ಟಿಲ್ಲಂದ್ರ ಆಕಿ ಕೈಗೆ ಏನೋ ಆಗೇತಿ, ಹೋಗಿ ನೋಡ್ರಿ’ ಎಂದು ತಾನು ಆಗಲೇ ಹೇಳಿದೆ ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಅವ್ವ ಅಷ್ಟೇ ಹೇಳಿ ಒಲೆಯ ಮುಂದೆ ಹೋದಳು, ರೊಟ್ಟಿ ಹೊತ್ತುತ್ತಿತ್ತು ಎನ್ನುತ್ತಾಳೆ ಅಕ್ಕ. ನನಗೆ ಕಾಣುವುದು ಅವ್ವ ಬಾಯಿ ತೆರೆದದ್ದು, ಮಾಮಾ ಕೈಯೆತ್ತಿ ತಡೆದದ್ದು. ಆ ಬಾಯಿಯಲ್ಲಿ ಏನಿತ್ತು ಎಂಬುದು ನನಗೆ ಕೇಳಿಸಿಲ್ಲ. ಕೇಳಿಸಿದ್ದನ್ನು ಆಮೇಲೆ ಮರೆತೆನೋ ಏನೋ. ಮರೆಯಲು ಕಾರಣ ಬೇಕಾದಷ್ಟಿತ್ತು.

“ನೋಡು. ನಿಮ್ಮವ್ವನೂ ಅದನ್ನ ಹೇಳತಾಳ,” ಎಂದರು ಮಾಮಾ ಅಕ್ಕನಿಗೆ.

ನಮ್ಮನ್ನೆಲ್ಲ ಹಿತ್ತಿಲಿಗೆ ಕಳಿಸಿದರು. ನಾನು ಗೋಡೆಯ ಮೇಲಿನಿಂದ ಇಣುಕಿದೆ. ಮಾಮಾ ಗಂಟನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡರು. ಎಳೆಗೂಸನ್ನು ಎತ್ತುವ ಹಾಗೆ. ದಾರಿಯಲ್ಲಿದ್ದವರಿಗೆ ಸರಿಯಿರಿ ಎಂದು ಹೇಳುತ್ತ, ಒಂದೊಂದೇ ಹೆಜ್ಜೆ ಇಡುತ್ತ ಊರಾಚೆಯ ಒಣ ಹಳ್ಳದ ಕಡೆ ನಡೆದರು. ಅಷ್ಟು ಚಳಿಯಲ್ಲಿ ಅವರ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಗುರಪ್ಪನ ಬೆಂಚಿನವರು ನಕ್ಕರಂತೆ. ನನಗೆ ಅವತ್ತು ನಗು ಬರಲಿಲ್ಲ. ಆ ಮನುಷ್ಯ ತಾನು ಸಾಯಬಹುದೆಂದು ನಿಜವಾಗಿ ನಂಬಿ, ಅದನ್ನು ನಮ್ಮ ಮನೆಯಿಂದ ದೂರ ಒಯ್ಯುತ್ತಿದ್ದ.

ಹಳ್ಳದ ಉಸುಕಿನಲ್ಲಿ ಗಂಟನ್ನಿಟ್ಟು, ಸುತ್ತ ಉಸುಕು ಏರಿಸಿ, ಮೇಲೆ ಜಾಲಿಮುಳ್ಳು ಮುಚ್ಚಿ ಬಂದರು. ಭಾನುವಾರವೆಲ್ಲ ಗಾಳಿ. ಅಕ್ಕ ಗಂಡನೊಡನೆ ಮಾತು ಬಿಟ್ಟಳು. ಸಂಜೆ ಊಟಕ್ಕೆ ಕುಳಿತಾಗ ಮಾಮಾ ತಾವಾಗಿಯೇ ಅಕ್ಕನಿಗೆ ಹೇಳಿದರು:

“ನಾಳೆ ಮುಂಜಾನಿ ಬಿಜಾಪುರಕ್ಕ ಹೋಗಿ ಪೊಲೀಸರಿಗೆ ತಿಳಸತೇನಿ. ಅಲ್ಲಿಂದ ಹಂಗ ನಿಡೋಣಿಗೆ ಹೋಗಿ ಅವ್ವನ್ನ ನೋಡ್ಕೊಂಡ ಬರ್ತೇನಿ. ನೀನೂ ಬಾ.”

ಎಲ್ಲಿಗೆ, ಯಾವಾಗ ಎಂದು ಆ ರಜೆಯಲ್ಲಿ ಅವರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಸೋಮವಾರ ನಾವು ಹೊರಡುವ ಮುಂಚೆಯೇ ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಬಂದ. ನಿಡೋಣಿಯಲ್ಲಿ ನೀಲವ್ವನ ಪಕ್ಕದ ಮನೆಯ ಪರಸಪ್ಪ. ಬೆಳಕು ಹರಿಯುವ ಮುಂಚೆ ಹೊರಟು ಬಂಡಿದಾರಿ ಹಿಡಿದು ಬಂದಿದ್ದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಮಾಮಾನನ್ನು ನೋಡಿ, ಮೊದಲು ಕೇಳಿದ್ದು ಇದು:

“ಗಂಟ ಮುಟ್ಟಲಿಲ್ಲೇನು ನಿನಗ?”

ಮಾಮಾ ಹಳ್ಳದ ಕಡೆ ನೋಡಿದರು.

“ಬುಧವಾರ ಆಕಿಗೆ ಲಕ್ವಾ ಹೊಡದು ಒಂದ ಕಡೆ ಬಿದ್ದ ಹೋತು ಸಿದ್ದಪ್ಪಾ. ಕೈ ಬರಲಿಲ್ಲ, ಬಾಯಿ ಬರಲಿಲ್ಲ. ಬುತ್ತಿ ಕಳಸು ಅಂತ ಕಣ್ಣಾಗ ತೋರಿಸಿದ್ಲು. ನನ್ನ ಹೇಣ್ತಿ ರೊಟ್ಟಿ ಬಡದ್ಲು, ನಾ ಕಟ್ಟಿದೆ. ಒಳಗ ತುಪ್ಪದ ತಂಬಿಗಿ ಇತ್ತು, ಚೆಲ್ಲಬಾರ್ದಂತ ಸುತಳಿ ಜಗ್ಗಿ ಕಟ್ಟಿದೆ. ಕಂಡಕ್ಟರಗ ಹೇಳಿ ಕಳಿಸಿದ್ನಲ್ಲೋ, ಹವಾಲ್ದಾರಗ ಲಗೂನ ಬರಾಕ ಹೇಳ್ರಿ ಅಂತ.”

ಕಂಡಕ್ಟರ್ ಹೇಳಿದ್ದನೋ ಇಲ್ಲವೋ. ಹೇಳಿದ್ದರೆ ಆ ಹೊಸ ಹುಡುಗನಿಗೆ ಅದು ಯಾರಿಗೆ ಮುಟ್ಟಬೇಕಾದ ಮಾತೆಂದು ತಿಳಿಯಲಿಲ್ಲವೋ. ಅದನ್ನು ನಾನು ಆಮೇಲೆ ಬಹಳ ವಿಚಾರಿಸಿದೆ. ಎಲ್ಲರೂ ತಾವು ಹೇಳಿದೆವು ಎಂದೇ ಹೇಳಿದರು.

“ಹೆಂಗ ಅದಾಳ?” ಎಂದರು ಮಾಮಾ.

ಪರಸಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. “ನಿನ್ನಿ ಹೊತ್ತ ಮುಳುಗೂದಕ್ಕ ಹೋದ್ಲು. ಬಾಗಿಲ ಕಡೆ ಮಾರಿ ಮಾಡಿ ಮಲಗಸರಿ ಅಂತ ಸನ್ನಿ ಮಾಡತಿದ್ಲು. ಹಂಗ ಮಲಗಿಸಿದ್ವಿ.”

ನಿಡೋಣಿಯ ಆ ದಿನದ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಮಣ್ಣಿಗೆ ಊರೆಲ್ಲ ಸೇರಿತ್ತು. ಅಪರಿಚಿತರು ಹಿಂದೆ ಮುಂದೆ ಒತ್ತಿಕೊಂಡು ನಿಂತಿದ್ದರು. ಮಾಮಾ ಅವರ ನಡುವೆ ಬೆನ್ನು ಕೊಟ್ಟು ನಿಂತರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಕಾರ್ಯ ಮುಗಿಸಿ ತಿಕೋಟಾಕ್ಕೆ ಬಂದ ದಿನ ಮಾಮಾ ಮನೆಗೆ ಹೋಗದೆ ನೇರ ಹಳ್ಳಕ್ಕೆ ಇಳಿದರು. ನಾನು ಹಿಂದೆ ಹೋದೆ. ಮುಳ್ಳು ಆಚೆ ಬಿದ್ದಿತ್ತು. ನಾಯಿಗಳು ತಟ್ಟನ್ನು ಹರಿದು ಹಾಕಿದ್ದವು. ರೊಟ್ಟಿ ಉಳಿದಿರಲಿಲ್ಲ, ಶೇಂಗಾ ಚಟ್ನಿಪುಡಿ ಉಸುಕಿನಲ್ಲಿ ಕಲಸಿಹೋಗಿತ್ತು. ಹಿತ್ತಾಳೆ ತಂಬಿಗೆ ಒಂದು ಕಡೆ ಉರುಳಿತ್ತು. ಬಾಯಿಗೆ ಮೆತ್ತಿದ್ದ ಕಣಕ ಒಣಗಿ ಬಿರುಕು ಬಿಟ್ಟಿದ್ದರೂ ಬಿದ್ದಿರಲಿಲ್ಲ. ಮಾಮಾ ತಂಬಿಗೆಯನ್ನು ಎತ್ತಿಕೊಳ್ಳಲಿಲ್ಲ. ಚದುರಿದ ಸುತಳಿಯನ್ನು ಹುಡುಕಿ ಹುಡುಕಿ ಆರಿಸಿ, ಕೈಗೆ ಸುತ್ತಿಕೊಂಡು ಉಂಡೆ ಮಾಡಿದರು. ತಂಬಿಗೆ ನಾನು ತಂದೆ.

ಆ ಮೇಲಿನ ದಿನಗಳು ನನಗೆ ಮೊದಲಿನವುಗಳಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದವು. ಮಾಮಾ ಬದಲಾದರು. ‘ಎತ್ತಾಗ ಹೊಂಟ್ರಿ’ ಎಂದು ಕೇಳಿದವರಿಗೆಲ್ಲ ನಿಂತು ಉತ್ತರ ಕೊಡತೊಡಗಿದರು. ಬಿಜಾಪುರಕ್ಕೆ, ಈ ಬಸ್ಸಿಗೆ, ಸಂಜೆ ಈ ಬಸ್ಸಿಗೆ ವಾಪಸ್ಸು. ಕೇಳದವರಿಗೂ ಹೇಳಿದರು. ತಾವಿದ್ದ ದೇಶ, ಊರು, ಕಚೇರಿಯ ಓಣಿ, ಸಾಹೇಬರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂಬುದನ್ನೂ ಗುರಪ್ಪನ ಬೆಂಚಿನ ಮೇಲೆ ಕುಳಿತು ಹೇಳಿದರು. ಗುರಪ್ಪನಿಗೇ ಕಸಿವಿಸಿಯಾಯಿತು. “ಸಾಕ ಬಿಡ್ರಿ ಹವಾಲ್ದಾರ್ರ, ನಮಗ್ಯಾಕ ಅದೆಲ್ಲಾ,” ಎಂದ. ಯಾರ ಮನೆಯ ಗಂಟು ಬಂದರೂ ಮಾಮಾ ಕಸಿದುಕೊಂಡು ಅಲ್ಲಿಯೇ ಬಿಚ್ಚುತ್ತಿದ್ದರು. ಯಾರದೆಂದು ಕೇಳುತ್ತಿರಲಿಲ್ಲ.

ರಜೆ ಮುಗಿದು ಅವರು ಮತ್ತೆ ‘ಆ ಕಡೆ’ಗೆ, ಅದೇ ಕಚೇರಿಗೆ ಹೋಗಬೇಕಿತ್ತು. ಅಕ್ಕನಿಗೆ ಅದು ಎಲ್ಲರಿಗಿಂತ ಮೊದಲು ಹೊಳೆಯಿತು. ಒಂದು ಮಧ್ಯಾಹ್ನ ಜೋಳ ಕೇರುತ್ತ ಕುಳಿತವಳು ಮೊರ ಕೆಳಗಿಟ್ಟು ನನ್ನನ್ನು ಕೇಳಿದಳು.

“ಅಲ್ಲಿ ಇವರು ಹಿಂಗ ಬಿಚ್ಚಿದ್ರ ಏನಾಕ್ಕೈತಿ?”

“ಎಲ್ಲಾ ಗಂಟಿನಾಗೂ ಬಾಂಬ್ ಇರೂದಿಲ್ಲಕ್ಕಾ.”

“ನಿನ್ನ ಶಾಣ್ಯಾತನ ಕೇಳಲಿಲ್ಲ ನಾ. ಇಲ್ಲಿ ಇವರದು ತಪ್ಪಾತು. ಅಲ್ಲಿ ತಪ್ಪಲ್ಲ ಅದು. ಅಲ್ಲಿ ಹಂಗ ಇರಬೇಕು.” ಮೊರದಾಚೆ ಬಿದ್ದ ಕಾಳುಗಳನ್ನು ಒಟ್ಟುಗೂಡಿಸಿದಳು. “ಇವರು ಅಲ್ಲಿ ಸಾಯಾಕ ಹೊಂಟಾರೋ ತಮ್ಮಾ. ನಾಯಿ ಬಿಚ್ಚಿದ್ದನ್ನ ತಾವು ಬಿಚ್ಚಬೇಕಿತ್ತು ಅಂತ.”

ವೀಳ್ಯದೆಲೆಯವನಿಗೆ ಅಂಜಿದರೆಂದು ಗಂಡನನ್ನು ಬೈದವಳು ಅಂದಿನಿಂದ ಗಂಡನಿಗೆ ಆ ಪಾಠವನ್ನೇ ತಿರುಗಿ ಹೇಳತೊಡಗಿದಳು. ಹಿತ್ತಿಲಿನಿಂದ ಹೋಗ್ರಿ. ಗೋಡೆಗೆ ಬೆನ್ನು ಕೊಡ್ರಿ. ಆ ಮನುಷ್ಯನ್ನ ನಿನ್ನೆ ನೋಡಿದ್ರೇನು? ಮಾಮಾ ಅವಳನ್ನು ನೋಡುತ್ತಿದ್ದರು, ಕೇಳಿಸದ ಕಿವಿಯ ಕಡೆಯಿಂದ ಯಾರೋ ಮಾತಾಡುತ್ತಿದ್ದಾರೆಂಬಂತೆ.

ಮಾಮಾ ತಿರುಗಿ ಬಂದರು. ಅದನ್ನು ಮುಚ್ಚಿಟ್ಟು ನಿಮ್ಮ ಕುತೂಹಲ ಬೆಳೆಸುವ ಮನಸ್ಸು ನನಗಿಲ್ಲ. ಅಲ್ಲಿನ ಕೆಲಸ ಮುಗಿಸಿದರು, ಪಿಂಚಣಿ ಬಂತು, ತಿಕೋಟಾದಲ್ಲೇ ಮನೆ ಕಟ್ಟಿ ಬಾಳಿದರು. ನಿಡೋಣಿಯ ಮನೆಯ ಬೀಗ ತೆಗೆಯಲಿಲ್ಲ. ಸಕ್ಕರೆ ಕಾಯಿಲೆಯಿಂದ ಹಾಸಿಗೆಯಲ್ಲೇ ತೀರಿಕೊಂಡು ಈಗ ಕೆಲ ವರ್ಷಗಳಾದವು. ‘ಆ ಕಡೆ’ ಮುಂದೆ ಏನಾಯಿತು, ಯಾವುದನ್ನು ಬಿಚ್ಚಿದರು, ಯಾವುದನ್ನು ಬಿಟ್ಟರು ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನನಗೆ ಉಳಿದಿರುವುದು ಅವರನ್ನು ಕಳಿಸಿದ ಮುಂಜಾವು.

ಬಿಜಾಪುರದ ಬಸ್‌ಸ್ಟ್ಯಾಂಡು. ಗುಮ್ಮಟದ ಮೇಲೆ ಇನ್ನೂ ಮಂಜು ಇತ್ತು. ಮಾಮಾ ಪುಣೆಯ ಕಡೆ ಹೋಗುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದರು. ಕಿಟಕಿಯ ಕಡೆಗಿದ್ದದ್ದು ಅವರ ಬಲಗಿವಿ. ಖಾಜಾಸಾಬ ಅಂಗಡಿಯಿಂದ ಬಂದು ಒಂದು ಗಂಟನ್ನು ಕಿಟಕಿಯೊಳಗೆ ಕೊಟ್ಟ. ತಟ್ಟು, ಸುತಳಿ, ಬಹಳ ಸುತ್ತು. ಹಾಗೆ ಕಟ್ಟಿ, ಅವನ ಕೈಯಿಂದ ಕೊಡಿಸಿದ್ದು ಅಕ್ಕ. ಅವಳು ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು.

ಮಾಮಾ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಯಾರದೆಂದು ಕೇಳಲಿಲ್ಲ. ಸುತಳಿಯ ತುದಿ ಹುಡುಕಿ ಜಗ್ಗತೊಡಗಿದರು.

ಅಕ್ಕ ನನ್ನನ್ನು ಸರಿಸಿ ಹೋಗಿ, ಕಿಟಕಿಯ ಸರಳಿನೊಳಗೆ ಎರಡೂ ಕೈ ಹಾಕಿ ಗಂಟನ್ನು ಹಿಡಿದಳು.

“ಯಾರದಂತ ಕೇಳ್ರಿ!”

ಮಾಮಾ ತಲೆಯೆತ್ತಿದರು.

“ಯಾರ ಕೊಟ್ಟಾರಂತ ಮೊದಲ ಕೇಳ್ರಿ! ಕೇಳೂತನಾ ಬಿಡೂದಿಲ್ಲ ನಾ!” ಸುತ್ತಲಿನವರು ತಿರುಗಿ ನೋಡಿದರು. ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು. “ಅತ್ತೀದಲ್ಲ ಇದು! ಅತ್ತಿ ಹೋದ್ಲು! ಇನ್ನ ಬರೂವೆಲ್ಲಾ ಯಾರವೋ ಏನೋ! ಕೇಳ್ರಿ!”

ಕಂಡಕ್ಟರ್ ಸೀಟಿ ಊದಿದ. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮಾಮಾನ ತುಟಿ ಅಲುಗಿದ್ದು ನಾನು ನೋಡಿದೆ. ಬಸ್ಸು ಹೊರಟಿತ್ತು. ಅಕ್ಕ ಸರಳಿನ ಜೊತೆ ಸ್ವಲ್ಪ ದೂರ ನಡೆದಳು, ಆಮೇಲೆ ಅವಳ ಕೈಗಳು ಖಾಲಿಯಾಗಿದ್ದವು.

ಅವರು ಕೇಳಿದರು ಎನ್ನುತ್ತಾಳೆ ಅಕ್ಕ. ‘ಯಾರದಿದು’ ಎಂದರಂತೆ, ತಾನು ‘ನಂದು’ ಎಂದಳಂತೆ. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ, ಎಂಜಿನ್ನಿನ ಸದ್ದಿತ್ತು, ಮತ್ತು ಅವರು ಕೇಳಿರಲಿ ಎಂದು ನನಗೂ ಬೇಕಿತ್ತು. ಇಂಥ ಸಾಕ್ಷಿಯನ್ನು ನಾನು ತರಗತಿಯಲ್ಲಿ ಒಪ್ಪುತ್ತಿರಲಿಲ್ಲ. ಕೇಳಿರಬೇಕು. ಇಲ್ಲದಿದ್ದರೆ ಅಕ್ಕ ಕೈ ಬಿಡುತ್ತಿರಲಿಲ್ಲ. ಬಸ್ಸು ಗಂಟನ್ನು ಅವಳ ಕೈಯಿಂದ ಜಗ್ಗಿಕೊಂಡು ಹೋಗಿರದಿದ್ದರೆ, ಅಷ್ಟೇ.